‘ಸಕ್ಕರೆ ಬೇರೆ ಕೊಡಿ’: ಮುಂಬೈಯ ಓಡಾಟದಲ್ಲಿ ಕಾಫಿ, ಕಟಿಂಗ್ ಮತ್ತು ತೂಕ

ಕಾಫಿ ಕುಡಿದರೆ ಬೊಜ್ಜು ಕರಗುತ್ತದೆ ಅನ್ನುವವರ ಲೆಕ್ಕವನ್ನು ಮೊದಲು ಚುಕ್ತಾ ಮಾಡಿಬಿಡೋಣ. 1989ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 100 ಮಿಲಿಗ್ರಾಂ ಕೆಫೀನ್ ಕೊಟ್ಟಾಗ, ಸುಮ್ಮನಿದ್ದಾಗ ದೇಹ ಸುಡುವ ಕ್ಯಾಲೊರಿ ಎರಡೂವರೆ ಗಂಟೆಯ ಮಟ್ಟಿಗೆ ಶೇಕಡಾ 3–4ರಷ್ಟು ಏರಿತ್ತು. ದಿನಕ್ಕೆ 1,500 ಕ್ಯಾಲೊರಿ ಹಾಗೆ ಸುಡುವ ದೇಹಕ್ಕೆ ಇದರಿಂದ ಸಿಗುವ ಲಾಭ ಹೆಚ್ಚೆಂದರೆ 6 ಕ್ಯಾಲೊರಿ. ಒಂದು ಟೀ ಚಮಚ, ಅಂದರೆ 5 ಗ್ರಾಂ ಸಕ್ಕರೆಯಲ್ಲಿ 20 ಕ್ಯಾಲೊರಿ. ಅರ್ಧ ಚಮಚ ಬಿದ್ದರೂ ಕೆಫೀನಿನ ಉಪಕಾರ ತೀರಿತು.

ಹಾಗಾಗಿ ನಾನು ಕೈಹಾಕಿದ್ದು ಕೆಫೀನಿಗಲ್ಲ, ಅದರ ಜೊತೆಗೆ ಒಳಗೆ ಹೋಗುವುದಕ್ಕೆ. ಹೊರವಲಯದ ಡೊಂಬಿವಲಿಯಿಂದ ದಕ್ಷಿಣ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗಿಬರುವ ದಿನದ ಪಟ್ಟಿ ಹೀಗಿತ್ತು: ಮನೆಯಲ್ಲಿ ಎರಡು ಫಿಲ್ಟರ್ ಕಾಫಿ, ಹೊರಗೆ ಮೂರು ಕಟಿಂಗ್ (ಅರ್ಧ ಲೋಟದ ಚಹಾ), ನಾಲ್ಕು ಗ್ಲೂಕೋಸ್ ಬಿಸ್ಕತ್ತು. 120 ಮಿಲಿ ಫುಲ್ ಕ್ರೀಮ್ ಹಾಲು, ಎರಡು ಚಮಚ ಸಕ್ಕರೆಯ ಕಾಫಿ ಸುಮಾರು 145 ಕ್ಯಾಲೊರಿ. ಕಟಿಂಗ್ 70ರ ಆಸುಪಾಸು, ಬಿಸ್ಕತ್ತು ಒಂದಕ್ಕೆ 25. ಒಟ್ಟು 600. ಊಟದ ಲೆಕ್ಕ ಬರೆಯುವವರು ಇದನ್ನು ಬರೆಯುವುದೇ ಇಲ್ಲ.

ಸಕ್ಕರೆಯನ್ನು ಒಮ್ಮೆಲೇ ಪೂರ್ತಿ ಬಿಟ್ಟರೆ ನಾಲ್ಕನೇ ದಿನ ಮರಳಿ ಬರುತ್ತದೆ. ಎರಡು ಚಮಚದಿಂದ ಒಂದೂವರೆ, ಒಂದು, ಅರ್ಧ, ಕೊನೆಗೆ ಸೊನ್ನೆ. ಪ್ರತಿ ಮೆಟ್ಟಿಲಿಗೆ ಹತ್ತು ದಿನ. ಚಮಚ ತಲೆತಟ್ಟಿ ಅಳೆಯಬೇಕು, ಗೋಪುರ ಕಟ್ಟಿದ ಚಮಚ ಎಂದರೆ ಎರಡು ಚಮಚವೇ. ಬೆಲ್ಲಕ್ಕೆ ಬದಲಾಯಿಸಿ ಸಮಾಧಾನಪಡಬೇಡಿ, ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ.

ಸಕ್ಕರೆ ಇಳಿದಂತೆ ಡಿಕಾಕ್ಷನ್ನಿನ ಕಹಿ ಮುಂದೆ ಬರುತ್ತದೆ. ತಪ್ಪು ಸಾಮಾನ್ಯವಾಗಿ ಕುದಿಯುವ ನೀರಿನದು. ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು, 20 ಗ್ರಾಂ ಪುಡಿಗೆ 150 ಮಿಲಿ ನೀರು ಹೊಯ್ಯುತ್ತೇನೆ. ಇಳಿಯುವುದು ಸುಮಾರು 110 ಮಿಲಿ, ಎರಡು ಲೋಟಕ್ಕೆ ಸಾಕು. ಅದೇ ಪುಡಿಗೆ ಎರಡನೇ ಸಲ ನೀರು ಹಾಕಿದರೆ ಬರೀ ಒಗರು. ಮಾಟುಂಗಾದಲ್ಲಿ ಪುಡಿ ಬೀಸಿಸುವಾಗ ಚಿಕೋರಿ ಶೇಕಡಾ 20 ಮೀರದಂತೆ ಹೇಳುತ್ತೇನೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ರೊಬಸ್ಟಾ ತಳಿಯ ಬೀಜದಲ್ಲಿ ಅರೇಬಿಕಾದ ಸುಮಾರು ಎರಡರಷ್ಟಿದೆ. ಎದೆ ಡವಗುಟ್ಟುವವರು ಅರೇಬಿಕಾ ಕೇಳಲಿ. ಲೋಟಕ್ಕೆ 60 ಮಿಲಿ ಡಬಲ್ ಟೋನ್ಡ್ (ಕೊಬ್ಬು ಕಡಿಮೆಯ) ಹಾಲು ಹಾಕಿದರೆ 30 ಕ್ಯಾಲೊರಿಯೂ ದಾಟದು.

ಹೊರಗಿನದು ಕಷ್ಟ. ಟಪರಿಯಲ್ಲಿ, ಅಂದರೆ ರಸ್ತೆಬದಿಯ ಚಹಾ ಅಂಗಡಿಯಲ್ಲಿ, ಸಕ್ಕರೆ ಪಾತ್ರೆಯಲ್ಲೇ ಕುದಿದಿರುತ್ತದೆ; ಆಫೀಸಿನ ಮಷೀನಿನ ಪ್ರೀಮಿಕ್ಸ್ ಪುಡಿಯಲ್ಲೂ ಸಾಮಾನ್ಯವಾಗಿ ಮೊದಲೇ ಬೆರೆತಿರುತ್ತದೆ, ಬಟನ್ ಒತ್ತಿ ತೆಗೆಯಲಾಗದು. ಉಡುಪಿ ಹೋಟೆಲಿನಲ್ಲಿ ಮಾತ್ರ ‘ಚಪ್ಪೆ ಚಾ, ಸಕ್ಕರೆ ಬೇರೆ’ ಅಂದರೆ ನಡೆಯುತ್ತದೆ. ಮೂರು ಕಟಿಂಗ್ ಒಂದು ಚಪ್ಪೆ ಚಾ ಆಯಿತು, ಬಿಸ್ಕತ್ತು ಹೋಯಿತು. ಉಳಿತಾಯ ದಿನಕ್ಕೆ ಸುಮಾರು 500 ಕ್ಯಾಲೊರಿ. ಒಂದು ಕಿಲೊ ಕೊಬ್ಬಿಗೆ 7,700 ಕ್ಯಾಲೊರಿ ಎಂದು ಹಿಡಿದರೆ ಕಾಗದದ ಮೇಲೆ ಹದಿನೈದು ಚಿಲ್ಲರೆ ದಿನ. ನಿಜದಲ್ಲಿ ಅದಕ್ಕಿಂತ ನಿಧಾನ: ತೂಕ ಇಳಿದ ದೇಹ ಕಡಿಮೆ ಸುಡುತ್ತದೆ, ಹಸಿವೆಯೂ ಸಾಲ ವಸೂಲಿಗೆ ಬರುತ್ತದೆ.

ತಿಂಡಿ ಬಿಟ್ಟು ಕಾಫಿಯಲ್ಲಿ ಹಸಿವು ಮುಚ್ಚುವ ಉಪಾಯ ಬೇಡ. ಹನ್ನೊಂದಕ್ಕೆ ಕಾಫಿಯಲ್ಲಿ ಮುಚ್ಚಿಟ್ಟ ಹಸಿವು ಸಂಜೆ ಸ್ಟೇಷನ್ನಿನ ಹೊರಗೆ ವಡಾಪಾವ್ ಆಗಿ ತೀರುತ್ತದೆ. ಎರಡು ಮೊಟ್ಟೆ ಅಥವಾ ಹೆಸರುಬೇಳೆ ದೋಸೆ ತಿಂದು, ಒಂದು ಗಂಟೆ ಬಿಟ್ಟು ಎರಡನೇ ಕಾಫಿ. ಈ ಅಂತರಕ್ಕೆ ಇನ್ನೊಂದು ಕಾರಣವಿದೆ: ಕಾಫಿ, ಚಹಾದ ಟ್ಯಾನಿನ್ ಊಟದ ಕಬ್ಬಿಣಾಂಶವನ್ನು ಹಿಡಿದಿಡುತ್ತದೆ. ರಕ್ತಹೀನತೆ ಇರುವವರಿಗೆ ಇದು ಚಿಕ್ಕ ಮಾತಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರೂ ಮಾತ್ರೆಯಾದ ಮೇಲೆ ಒಂದು ಗಂಟೆ ಕಾಫಿ ಮುಟ್ಟಬಾರದು.

ಜನ ಕಡೆಗಣಿಸುವುದು ಗಡಿಯಾರವನ್ನು. ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದೂವರೆಯ ಕಾಫಿಯ ಅರ್ಧ ಪಾಲು ರಾತ್ರಿ ಹತ್ತೂವರೆಗೂ ಎಚ್ಚರವಾಗಿರುತ್ತದೆ. ಬೆಳಗಿನ ಲೋಕಲ್ ಹಿಡಿಯಲು ಐದೂವರೆಗೆ ಏಳುವ ಊರಿನಲ್ಲಿ ನಿದ್ದೆ ಮೊದಲೇ ಕಮ್ಮಿ. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚು, ಅದೂ ಕರಿದದ್ದರ ಮೇಲೆ. ನನ್ನ ಕೊನೆಯ ಲೋಟ ಮಧ್ಯಾಹ್ನ ಎರಡಕ್ಕೆ. ಸಂಜೆಯದನ್ನು ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರಬಹುದು, ಸಾಮಾನ್ಯವಾಗಿ ಎರಡನೇ ದಿನ ಜೋರು. ಅದಕ್ಕೇ ಮೊದಲ ವಾರ ಅರ್ಧ ಲೋಟ, ಆಮೇಲೆ ಮಜ್ಜಿಗೆ.

ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಐಸಿಎಂಆರ್–ಎನ್‌ಐಎನ್) 2024ರ ಮಾರ್ಗಸೂಚಿ ಕೆಫೀನಿಗೆ ದಿನಕ್ಕೆ 300 ಮಿಲಿಗ್ರಾಂ ಮಿತಿ ಹೇಳುತ್ತದೆ. ಇಳಿಸಿದ 150 ಮಿಲಿ ಕಾಫಿಯಲ್ಲಿ 80–120, ಚಹಾದಲ್ಲಿ 30–65. ಗರ್ಭಿಣಿಯರು, ಬಿಪಿ ಇರುವವರು ವೈದ್ಯರನ್ನು ಕೇಳಿಯೇ ಹೆಜ್ಜೆ ಇಡಲಿ. ಜಿಮ್ಮಿನ ‘ಫ್ಯಾಟ್ ಬರ್ನರ್’ ಮಾತ್ರೆಯ ಮೇಲೆ ಕಾಫಿ ಕುಡಿದರೆ ಈ ಮಿತಿ ಗೊತ್ತಾಗದೆ ದಾಟುತ್ತದೆ. ತುಪ್ಪ ಹಾಕಿದ ಕಾಫಿಯಂತೂ ಒಂದು ಟೇಬಲ್ ಚಮಚ ತುಪ್ಪಕ್ಕೆ ಸುಮಾರು 120 ಕ್ಯಾಲೊರಿ.

ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಕ ನೋಡಿ ಏಳು ದಿನದ ಸರಾಸರಿ ಬರೆಯುತ್ತೇನೆ. ಸರಾಸರಿ ಒಂದು ಕಿಲೊ ಏರಿದರೆ ಅನ್ನ ಮುಟ್ಟುವ ಮೊದಲು ಲೋಟ ನೋಡುತ್ತೇನೆ: ಹಾಲು 60 ಮಿಲಿಯಿಂದ ಯಾವಾಗ 100ಕ್ಕೆ ಹೋಯಿತು, ಬಿಸ್ಕತ್ತಿನ ಡಬ್ಬಿ ಆಫೀಸಿನ ಮೇಜಿಗೆ ಮತ್ತೆ ಹೇಗೆ ಬಂತು ಎಂದು.