ಪ್ರೊವಾನ್ಸ್ ಗುಡ್ಡಗಳಲ್ಲಿ ಸೈಕಲ್: ದಾರಿ ಹೆಣೆಯುವುದು ಹೇಗೆ?

ಫ್ರಾನ್ಸಿನ ಗುಡ್ಡಗಾಡಿನಲ್ಲಿ ಸೈಕಲ್ ತುಳಿಯಬೇಕೆಂಬ ಆಸೆ ನಮ್ಮವರಲ್ಲಿ ಅನೇಕರಿಗೆ ಹುಟ್ಟುವುದು ಜುಲೈ ತಿಂಗಳಿನಲ್ಲಿ, ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ನೋಡುತ್ತ ಕುಳಿತಾಗ. ಹಾಗೆ ಹೊರಟವರು ಟೂರ್ ಹಾದುಹೋದ ಅತಿ ಕಠಿಣ ಘಟ್ಟವನ್ನೇ ಹುಡುಕಿ ಮೊದಲ ದಿನವೇ ಹತ್ತಲು ನಿಲ್ಲುತ್ತಾರೆ. ಮರುದಿನ ಕಾಲು ಮಾತು ಕೇಳುವುದಿಲ್ಲ. ಉಳಿದ ರಜೆ ಕೋಣೆಯಲ್ಲಿ ಕಳೆಯುತ್ತದೆ. ಆ ನಾಡಿನ ಸೊಗಸೆಲ್ಲ ಇರುವುದು ಬೆಟ್ಟದ ಬುಡದಲ್ಲಿ, ದ್ರಾಕ್ಷಿ ತೋಟಗಳ ನಡುವೆ ಹಾವಿನಂತೆ ಹರಿದಾಡುವ ಸಣ್ಣ ರಸ್ತೆಗಳಲ್ಲಿ. ದಾರಿಯನ್ನು ಅವುಗಳಿಂದಲೇ ಹೆಣೆಯಬೇಕು, ಶಿಖರ ಕೊನೆಗೆ ಬರಬೇಕು. ಆಗ್ನೇಯ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ವೋಕ್ಲೂಜ್ ಜಿಲ್ಲೆಯನ್ನು, ಅಲ್ಲಿ ಒಂಟಿಯಾಗಿ ಎದ್ದು ನಿಂತಿರುವ 1,910 ಮೀಟರ್ ಎತ್ತರದ ಮೋಂ ವಾಂತೂ ಪರ್ವತವನ್ನು ಮುಂದಿಟ್ಟುಕೊಂಡು ಅದು ಹೇಗೆಂದು ನೋಡೋಣ.

ತಂಗುವ ಊರು

ದಿನಕ್ಕೊಂದು ಊರು ಬದಲಿಸುವ ಯೋಜನೆ ಕಾಗದದ ಮೇಲೆ ಚೆಂದ ಕಾಣುತ್ತದೆ, ಸಾಮಾನು ಹೊತ್ತು ಏರುವಾಗ ಅದರ ಬೆಲೆ ತಿಳಿಯುತ್ತದೆ. ಒಂದೇ ಊರಿನಲ್ಲಿ ಬಿಡಾರ ಹೂಡಿ ಸುತ್ತುವುದು ಲೇಸು. ವಾಂತೂ ಬುಡದ ಬೆದ್ವಾಂ ಇದಕ್ಕೆ ಹೇಳಿ ಮಾಡಿಸಿದ ಊರು. ಅವಿನ್ಯೋಂ ನಗರದಿಂದ ಕಾರ್ಪಾಂತ್ರಾಗೆ ಪ್ರಾದೇಶಿಕ ರೈಲಿದೆ. ದಶಕಗಳ ಕಾಲ ನಿಂತುಹೋಗಿದ್ದ ಆ ಪ್ರಯಾಣಿಕರ ಮಾರ್ಗ 2015ರಲ್ಲಿ ಮತ್ತೆ ತೆರೆಯಿತು. ಈ ರೈಲುಗಳಲ್ಲಿ ಸೈಕಲ್ಲನ್ನು ಬಿಚ್ಚದೆ ಕೊಂಡೊಯ್ಯಬಹುದು, ಜಾಗ ಮಾತ್ರ ಸೀಮಿತ. ವೇಗದ ರೈಲುಗಳ ನಿಯಮ ಬೇರೆ: ಸೈಕಲ್ಲಿಗೆ ಮುಂಚೆಯೇ ಜಾಗ ಕಾದಿರಿಸಬೇಕು, ಇಲ್ಲವೇ ಬಿಚ್ಚಿ ಚೀಲಕ್ಕೆ ಹಾಕಬೇಕು. ಕಾರ್ಪಾಂತ್ರಾದಿಂದ ಬೆದ್ವಾಂ ಸುಮಾರು 15 ಕಿ.ಮೀ.

ಸೈಕಲ್ ಬಾಡಿಗೆಗೆ ಕೊಡುವ ಅಂಗಡಿಗಳು ಊರಿನಲ್ಲೇ ಇವೆ. ಅಲ್ಲಿ ಎರಡು ವಿಷಯ ಕೇಳಿ. ಒಂದು, ಹಿಂದಿನ ಚಕ್ರದ ದೊಡ್ಡ ಹಲ್ಲುಗಾಲಿಗೆ 32 ಅಥವಾ 34 ಹಲ್ಲುಗಳಿವೆಯೇ? ಅದಕ್ಕಿಂತ ಕಡಿಮೆ ಇದ್ದರೆ ಉದ್ದನೆಯ ಏರಿನಲ್ಲಿ ಮೊಣಕಾಲಿಗೆ ಕೇಡು. ಎರಡು, ಬ್ರೇಕ್ ಯಾವ ಕಡೆ? ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯಲ್ಲಿರುವ ಮುಂದಿನ ಚಕ್ರದ ಬ್ರೇಕ್ ಅಲ್ಲಿ ಎಡಗೈಗೆ ಬರುತ್ತದೆ. ಇಳಿಜಾರಿನಲ್ಲಿ ಗಾಬರಿಯಾದಾಗ ಕೈ ಹಳೆಯ ರೂಢಿಗೇ ಓಡುತ್ತದೆ. ಊರ ಬೀದಿಯಲ್ಲೇ ಹತ್ತಾರು ಸಲ ಹಿಡಿದು ಬಿಟ್ಟು ಅಭ್ಯಾಸ ಮಾಡಿಕೊಂಡು ಹೊರಡಿ.

ನಕ್ಷೆ ಓದುವುದು

ಮೊಬೈಲ್ ದಾರಿ ತೋರಿಸುತ್ತದೆ ನಿಜ. ಆದರೂ ದಾರಿ ಹೆಣೆಯಲು ಕೂತಾಗ ಮಿಶೆಲಿನ್ ಕಂಪನಿಯ ಕಾಗದದ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಳ್ಳಿ. ಅದರಲ್ಲಿ ಕೆಂಪು ಬಣ್ಣ ದೊಡ್ಡ ರಸ್ತೆಗೆ, ಹಳದಿ ಮಧ್ಯಮಕ್ಕೆ, ಬಿಳಿ ಸಣ್ಣದಕ್ಕೆ. ರಸ್ತೆಯ ಅಂಚಿಗೆ ಹಸಿರು ಗೆರೆ ಇದ್ದರೆ ನೋಟ ಚೆನ್ನಾಗಿದೆ ಎಂದರ್ಥ. ರಸ್ತೆಯ ಮೇಲೆ ಕಾಣುವ ಸಣ್ಣ ಬಾಣಗಳು ಏರಿನ ದಿಕ್ಕನ್ನು ತೋರಿಸುತ್ತವೆ: ಒಂದು ಬಾಣವಿದ್ದರೆ ಶೇ 5ರಿಂದ 9, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಮೇಲೆ. ಶೇ 9 ಎಂದರೆ ನೂರು ಮೀಟರ್ ಸಾಗುವಷ್ಟರಲ್ಲಿ ಒಂಬತ್ತು ಮೀಟರ್ ಮೇಲೇರುವುದು.

ನನ್ನ ಸೂತ್ರ ಇಷ್ಟೇ: ಬಿಳಿ ಮತ್ತು ಹಳದಿ ರಸ್ತೆಗಳನ್ನು ಜೋಡಿಸಿ, ಹಸಿರು ಗೆರೆಯನ್ನು ಬಿಡಬೇಡಿ, ಕೆಂಪನ್ನು ದಾಟಲು ಮಾತ್ರ ಬಳಸಿ. ಮಲೋಸೆನ್ ಊರಿಗೆ ಕಾರ್ಪಾಂತ್ರಾ ಕಡೆಯಿಂದ ಡಿ 938 ಎಂಬ ದೊಡ್ಡ ರಸ್ತೆ ಇದೆ, ಕಾರು ಲಾರಿಗಳ ಸದ್ದು ತಪ್ಪಿದ್ದಲ್ಲ. ಅದೇ ಊರಿಗೆ ಬೆದ್ವಾಂನಿಂದ ಡಿ 19 ಕೂಡ ಹೋಗುತ್ತದೆ. ಪೈನ್ ಮರಗಳ ನೆರಳಿನಲ್ಲಿ 448 ಮೀಟರ್ ಎತ್ತರದ ಕೋಲ್ ದ ಲಾ ಮದಲೆನ್ ಎಂಬ ಪುಟ್ಟ ಕಣಿವೆದಾರಿಯನ್ನು ದಾಟುವ ಈ ರಸ್ತೆ ಸೈಕಲ್ಲಿಗೆಂದೇ ಹಾಸಿದಂತಿದೆ. ಅಂದಹಾಗೆ, ಇದೇ ಹೆಸರಿನ ಇನ್ನೊಂದು ಘಟ್ಟ ಆಲ್ಪ್ಸ್‌ನಲ್ಲಿದೆ, ಎತ್ತರ 2,000 ಮೀಟರಿನ ಹತ್ತಿರ. ಅಂತರ್ಜಾಲದಲ್ಲಿ ಹುಡುಕುವಾಗ ಜಿಲ್ಲೆಯ ಹೆಸರನ್ನೂ ಸೇರಿಸಿ.

ದೂರಕ್ಕಿಂತ ಏರು ಮುಖ್ಯ

ಬಯಲಿನಲ್ಲಿ ದಿನಕ್ಕೆ ನೂರು ಕಿ.ಮೀ. ತುಳಿಯುವವರೂ ಇಲ್ಲಿ ಅರ್ಧ ದಾರಿಯಲ್ಲೇ ಸೋಲುತ್ತಾರೆ. ಇಡೀ ದಿನ ಒಟ್ಟು ಎಷ್ಟು ಮೀಟರ್ ಮೇಲೇರಬೇಕು ಎಂಬ ಅಂಕಿಯನ್ನು ಮೊದಲು ನೋಡಿ. ಸೈಕಲ್ ದಾರಿ ರೂಪಿಸುವ ಯಾವುದೇ ಆ್ಯಪ್ ಇದನ್ನು ತಿಳಿಸುತ್ತದೆ. ಸಾಧಾರಣ ಅಭ್ಯಾಸವಿರುವ ಸವಾರ ಗಂಟೆಗೆ 500 ಮೀಟರ್ ಏರಬಲ್ಲ ಎಂದಿಟ್ಟುಕೊಳ್ಳಿ. ಬೆದ್ವಾಂನಿಂದ ವಾಂತೂ ಶಿಖರಕ್ಕೆ ಏರು ಸುಮಾರು 1,600 ಮೀಟರ್, ಅಂದರೆ ನಿಲ್ಲದೆ ತುಳಿದರೂ ಮೂರು ಗಂಟೆಗೂ ಮಿಕ್ಕಿದ ಕೆಲಸ. ಬೆಂಗಳೂರಿನ ಸವಾರರು ಅಳತೆಗೋಲಾಗಿ ಇಟ್ಟುಕೊಳ್ಳುವ ನಂದಿ ಬೆಟ್ಟದ ಏರು ಇದರ ಮೂರನೆಯ ಒಂದು ಭಾಗಕ್ಕೂ ಕಡಿಮೆ.

ಸರಾಸರಿಯನ್ನು ಮಾತ್ರ ನಂಬಬೇಡಿ. ಬೆದ್ವಾಂ ದಾರಿಯ ಉದ್ದ 21 ಕಿ.ಮೀ.ಗೆ ತುಸು ಹೆಚ್ಚು, ಸರಾಸರಿ ಏರು ಶೇ 7.5. ಓದಿದಾಗ ಅಂಜಿಕೆಯಾಗುವುದಿಲ್ಲ. ಆದರೆ ಮೊದಲ ಐದಾರು ಕಿ.ಮೀ. ದ್ರಾಕ್ಷಿ ತೋಟಗಳ ನಡುವೆ ಹಗುರಾಗಿ ಸಾಗುತ್ತವೆ, ಸರಾಸರಿಯನ್ನು ಕೆಳಗೆ ಎಳೆಯುವುದು ಅವೇ. ಸೇಂ-ಎಸ್ತೆವ್ ಎಂಬ ತಿರುವು ಬಂದೊಡನೆ ರಸ್ತೆ ಎಡಕ್ಕೆ ಹೊರಳಿ ಕಾಡಿನೊಳಗೆ ನುಗ್ಗುತ್ತದೆ. ಅಲ್ಲಿಂದ ಷಾಲೇ ರೆನಾರ್ ಎಂಬ ಹೋಟೆಲಿನವರೆಗೆ ಒಂಬತ್ತು ಹತ್ತು ಕಿ.ಮೀ. ಉದ್ದಕ್ಕೂ ಏರು ಶೇ 9ರ ಮೇಲೆಯೇ. ಕಾಲಿಗೆ ಬಿಡುವು ಕೊಡುವ ಸಮತಟ್ಟು ಎಲ್ಲೂ ಸಿಗುವುದಿಲ್ಲ. ತಿರುವಿನ ಮೊದಲು ವೇಗವಾಗಿ ತುಳಿದವರು ಕಾಡಿನಲ್ಲಿ ಏದುಸಿರು ಬಿಡುತ್ತ ಕಲ್ಲಿನ ಮೇಲೆ ಕೂರುತ್ತಾರೆ. ಆದ್ದರಿಂದ ಏರಿನ ಚಿತ್ರವನ್ನು ಪ್ರತಿ ಕಿಲೋಮೀಟರಿಗೆ ಬಿಡಿಸಿ ನೋಡಿ.

ಗಾಳಿ, ನೀರು, ಊಟ

ರೋನ್ ಕಣಿವೆಯಲ್ಲಿ ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಗಾಳಿ ಇಲ್ಲಿನ ಯಜಮಾನ. ಬೆಳಿಗ್ಗೆ ಕಾಲಲ್ಲಿ ಕಸುವಿರುವಾಗ ಉತ್ತರಕ್ಕೆ ಹೋಗಿ, ಮಧ್ಯಾಹ್ನ ಅದೇ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ದಕ್ಷಿಣಕ್ಕೆ ಮರಳುವಂತೆ ಸುತ್ತು ರೂಪಿಸಿ. ಷಾಲೇ ರೆನಾರ್ ಮೇಲಿನ ಆರು ಕಿ.ಮೀ.ಯಲ್ಲಿ ಮರಗಳಿಲ್ಲ, ಬಿಳಿ ಕಲ್ಲುಚೂರಿನ ಇಳಿಜಾರು ಮಾತ್ರ. 2016ರ ಟೂರ್‌ನಲ್ಲಿ ಗಾಳಿಯ ಅಬ್ಬರಕ್ಕೆ ಹೆದರಿ ಸ್ಪರ್ಧೆಯ ಗುರಿಯನ್ನೇ ಶಿಖರದಿಂದ ಷಾಲೇ ರೆನಾರ್‌ಗೆ ಇಳಿಸಿದ್ದರು. ಹವಾಮಾನ ಇಲಾಖೆ ಬಿರುಗಾಳಿ ಎಂದರೆ ಆ ದಿನ ಶಿಖರದ ಆಸೆ ಬಿಡಿ.

ಸೆಕೆಯೂ ಸಾಮಾನ್ಯವಲ್ಲ. 1967ರ ಜುಲೈ 13ರಂದು ಟೂರ್‌ನಲ್ಲಿದ್ದ ಬ್ರಿಟನ್ನಿನ ಸವಾರ ಟಾಮ್ ಸಿಂಪ್ಸನ್ ಉರಿಬಿಸಿಲಿನಲ್ಲಿ, ಉತ್ತೇಜಕ ಮದ್ದಿನ ಅಮಲಿನಲ್ಲಿ ಶಿಖರದ ಸಮೀಪ ಕುಸಿದು ಸತ್ತರು. ಅಲ್ಲಿನ ಸ್ಮಾರಕದ ಮೆಟ್ಟಿಲುಗಳ ಮೇಲೆ ಸವಾರರು ಇಂದಿಗೂ ನೀರಿನ ಬಾಟಲಿ, ಟೋಪಿಗಳನ್ನು ಇಟ್ಟು ಹೋಗುತ್ತಾರೆ. ನೀವು ಎರಡು ಬಾಟಲಿ ತುಂಬಿಕೊಂಡೇ ಹೊರಡಿ. ಹಳ್ಳಿಗಳಲ್ಲಿ ಕಾರಂಜಿ ನಲ್ಲಿಗಳಿರುತ್ತವೆ. ಫಲಕದಲ್ಲಿ ‘ಓ ಪೋತಾಬ್ಲ್’ ಎಂದಿದ್ದರೆ ಕುಡಿಯಬಹುದು, ನಡುವೆ ‘ನೋಂ’ ಸೇರಿದ್ದರೆ ಕುಡಿಯಬಾರದು. ಎಲ್ಲೂ ಸಿಗದಿದ್ದರೆ ಊರ ಹೊರಗಿನ ಸ್ಮಶಾನ ನೋಡಿ, ಹೂಗಿಡಗಳಿಗೆಂದು ನಲ್ಲಿ ಇದ್ದೇ ಇರುತ್ತದೆ. ಅಲ್ಲೂ ಫಲಕ ಓದಿ.

ಊಟದ ವೇಳೆಯನ್ನು ದಾರಿಯ ಲೆಕ್ಕದೊಳಗೇ ಸೇರಿಸಬೇಕು. ಹಳ್ಳಿಯ ಅಂಗಡಿಗಳು ನಡುಮಧ್ಯಾಹ್ನ ಬಾಗಿಲು ಹಾಕುತ್ತವೆ, ಹೋಟೆಲುಗಳಲ್ಲಿ 12ರಿಂದ 2ರೊಳಗೆ ಮಾತ್ರ ಊಟ ಸಿಗುವುದು ರೂಢಿ. ಭಾನುವಾರ ಮಧ್ಯಾಹ್ನದ ನಂತರ ಏನೂ ತೆರೆದಿರುವುದಿಲ್ಲ ಎಂದೇ ತಿಳಿಯಿರಿ. ಸಸ್ಯಾಹಾರಿಗಳು ಬೆಳಿಗ್ಗೆಯೇ ಬೇಕರಿಯಲ್ಲಿ ಬ್ರೆಡ್, ಚೀಸ್, ಹಣ್ಣು ಕಟ್ಟಿಸಿಕೊಂಡರೆ ನಿಶ್ಚಿಂತೆ.

ರಸ್ತೆಯ ನಿಯಮ

ವಾಹನಗಳು ಬಲಕ್ಕೆ ಚಲಿಸುತ್ತವೆ ಎಂಬುದು ಗೊತ್ತೇ ಇದೆ. ನಮ್ಮವರಿಗೆ ತೊಡಕಾಗುವುದು ಹಳ್ಳಿಗಳ ಫಲಕವಿಲ್ಲದ ಕೂಡುರಸ್ತೆ. ಅಲ್ಲಿ ಬಲಗಡೆಯ ಓಣಿಯಿಂದ ಬರುವವರಿಗೇ ಮೊದಲ ಹಕ್ಕು, ನೀವು ದೊಡ್ಡ ರಸ್ತೆಯಲ್ಲಿದ್ದೀರಿ ಎಂದೆನಿಸಿದರೂ ಸರಿ. ವೃತ್ತಗಳಲ್ಲಿ ಒಳಗೆ ಸುತ್ತುತ್ತಿರುವವರಿಗೆ ದಾರಿ ಬಿಡಬೇಕು. ಊರ ಹೊರಗೆ ಕಾರುಗಳು ಸೈಕಲ್ಲಿನಿಂದ ಒಂದೂವರೆ ಮೀಟರ್ ದೂರ ಬಿಟ್ಟು ಹಿಂದಿಕ್ಕಬೇಕೆಂಬ ಕಾನೂನಿದೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ತುಳಿಯುವುದು ನಿಷಿದ್ಧ. ಕತ್ತಲಾದ ಮೇಲೆ ಊರ ಹೊರಗೆ ಹೊಳೆಯುವ ಅಂಗಿ ಕಡ್ಡಾಯ. ‘ಗ್ರಾವಿಯೋಂ’ ಎಂಬ ಫಲಕ ಕಂಡರೆ ಮುಂದೆ ಸಡಿಲ ಜಲ್ಲಿ ಇದೆ ಎಂದು ತಿಳಿದು ವೇಗ ತಗ್ಗಿಸಿ.

ಮೂರು ದಿನದ ದಾರಿ

ಸೋಮವಾರ ಬೆದ್ವಾಂ ಸಂತೆ. ತಿಂಡಿ ಅಲ್ಲೇ ಕೊಂಡು, ಮದಲೆನ್ ಕಣಿವೆದಾರಿ ಹತ್ತಿ ಮಲೋಸೆನ್ ತಲುಪಿ. ಅಲ್ಲಿಂದ ಡಿ 90 ಹಿಡಿದು ಸುಜೆತ್‌ಗೆ. ಬೆಟ್ಟದ ಭುಜದ ಮೇಲೆ ಕೂತ ಬೆರಳೆಣಿಕೆಯ ಮನೆಗಳ ಈ ಊರಿನಿಂದ ದಾಂತೆಲ್ ದ ಮೋಂಮಿರಾಯ್ ಬಂಡೆಗಳ ಚೂಪು ಸಾಲು ಕಣ್ಣೆದುರೇ ನಿಲ್ಲುತ್ತದೆ. ಇಡೀ ಜಿಲ್ಲೆಯಲ್ಲಿ ನನಗೆ ಅತಿ ಪ್ರಿಯವಾದ ರಸ್ತೆ ಇದು. ಬೋಮ್-ದ-ವೆನೀಜ್‌ಗೆ ಇಳಿದು ಕಾರೋಂ ಮೂಲಕ ಮರಳಿದರೆ ಒಟ್ಟು 50 ಕಿ.ಮೀ. ಆಸುಪಾಸು.

ಮಂಗಳವಾರ ಸಣ್ಣ ಚೀಲ ಬೆನ್ನಿಗೇರಿಸಿ ಸೋ ಊರಿಗೆ, ಆ ಒಂದು ರಾತ್ರಿ ಮಾತ್ರ ಬಿಡಾರ ಅಲ್ಲಿ. ಫ್ಲಾಸ್ಸಾಂ, ವಿಲ್-ಸುರ್-ಓಜೋಂ ದಾಟಿ ಡಿ 942ರಲ್ಲಿ ನೆಸ್ಕ್ ಕಮರಿಯನ್ನು ಹೊಕ್ಕರೆ ಏರು ಬಲು ಹಗುರ. ಬಂಡೆ ಕೊರೆದು ಮಾಡಿದ ರಸ್ತೆ, ನಡುನಡುವೆ ಸಣ್ಣ ಸುರಂಗಗಳು. 734 ಮೀಟರ್ ಎತ್ತರದ ವೀಕ್ಷಣಾ ತಾಣದಲ್ಲಿ ಸೈಕಲ್ ಒರಗಿಸಿ ಕೆಳಗೆ ನೋಡಿ, ಅವಸರ ಮಾಡಬೇಡಿ. ಮೊನ್ಯೂ ದಾಟಿದರೆ ಸೋ. ಜುಲೈನಲ್ಲಿ ಸುತ್ತಲಿನ ಹೊಲಗಳೆಲ್ಲ ಲ್ಯಾವೆಂಡರ್ ಹೂವಿನ ನೇರಳೆ ಬಣ್ಣ. ಆದರೂ ಜನಜಂಗುಳಿ, ಸೆಕೆ ಒಲ್ಲದವರಿಗೆ ಮೇ ಕೊನೆ, ಜೂನ್ ಮೊದಲರ್ಧ ಅಥವಾ ಸೆಪ್ಟೆಂಬರ್ ವಾಸಿ. ಶಿಖರ ಬೇಡವೆನ್ನುವವರು ಇಲ್ಲಿಂದ 996 ಮೀಟರಿನ ಕೋಲ್ ದೆಜ್ ಅಬೇಯ್ ಕಣಿವೆದಾರಿ ಏರಿ ಬೆದ್ವಾಂಗೆ ಮರಳಬಹುದು. ಹತ್ತಿದ್ದಕ್ಕಿಂತ ಇಳಿಯುವುದೇ ಹೆಚ್ಚು.

ಬುಧವಾರ ಸೋ ಸಂತೆಯ ದಿನ. ಆದರೆ ಸಂತೆ ನೆರೆಯುವ ಮೊದಲೇ ಹೊರಡಿ. ಇಲ್ಲಿಂದ ವಾಂತೂ ದಾರಿ 26 ಕಿ.ಮೀ., ಬೆದ್ವಾಂ, ಮಲೋಸೆನ್, ಸೋ ಕಡೆಯಿಂದ ಶಿಖರಕ್ಕೇರುವ ಮೂರು ದಾರಿಗಳಲ್ಲಿ ಅತಿ ಸೌಮ್ಯವಾದದ್ದು, ಸರಾಸರಿ ಏರು ಶೇ 4.5ರ ಹತ್ತಿರ. 20 ಕಿ.ಮೀ. ಕಳೆದು ಷಾಲೇ ರೆನಾರ್‌ನಲ್ಲಿ ಬೆದ್ವಾಂ ದಾರಿ ಬಂದು ಕೂಡುತ್ತದೆ, ಕಡೆಯ ಆರು ಕಿ.ಮೀ. ಈ ಎರಡೂ ದಾರಿಗಳಿಗೆ ಒಂದೇ. ಕೆಳಗೆ ಬೆವರು ಇಳಿಯುತ್ತಿದ್ದರೂ ಶಿಖರದಲ್ಲಿ ಹತ್ತು ಡಿಗ್ರಿ ಕಡಿಮೆ ಇರುತ್ತದೆ. ಗಾಳಿ ತಡೆಯುವ ಅಂಗಿಯನ್ನು ಇಳಿಯುವ ಮೊದಲೇ ತೊಡಿ, ಅರ್ಧ ದಾರಿಯಲ್ಲಿ ಬೆರಳು ಮರಗಟ್ಟಿದ ಮೇಲೆ ಬ್ರೇಕ್ ಹಿಡಿಯುವುದೇ ಕಷ್ಟ. ಬೆದ್ವಾಂ ಕಡೆಗೆ ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತದೆ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ತಿರುವಿನಲ್ಲಿ ಬಿಡಿ. ಚಳಿಗಾಲದಲ್ಲಿ ಹಿಮದಿಂದಾಗಿ ಶಿಖರದ ರಸ್ತೆ ಮುಚ್ಚಿರುತ್ತದೆ, ಏಪ್ರಿಲ್‌ನಲ್ಲೂ ತೆರೆಯದಿರಬಹುದು. ಬುಡದಲ್ಲಿರುವ ಫಲಕದಲ್ಲಿ ‘ಫೆರ್ಮೆ’ ಎಂದಿದ್ದರೆ ರಸ್ತೆ ಮುಚ್ಚಿದೆ ಎಂದರ್ಥ. ಅಪಘಾತವಾದರೆ ಕರೆಯಬೇಕಾದ ಸಂಖ್ಯೆ 112.