ಕಿಣ್ವ ನಿಜಕ್ಕೂ ಅಂಟಿದೆಯಾ? ಲ್ಯಾಕ್ಟೇಸ್ ಜೊತೆ ನನ್ನ ಅನುಭವ

ಪನೀರ್ ಸೋಸಿದ ಮೇಲೆ ಉಳಿಯುವ ನೀರಿನಲ್ಲಿ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಬೇಕಾದಷ್ಟಿರುತ್ತದೆ. ಲ್ಯಾಕ್ಟೇಸ್ ಎಂಬ ಕಿಣ್ವ ಹಾಕಿದರೆ ಅದು ಗ್ಲೂಕೋಸ್, ಗ್ಯಾಲಕ್ಟೋಸ್ ಆಗಿ ಒಡೆಯುತ್ತದೆ. ಆದರೆ ನೀರಿಗೆ ಬೆರೆಸಿದ ಕಿಣ್ವವನ್ನು ವಾಪಸ್ ತೆಗೆಯುವುದು ಹೇಗೆ? ಒಂದೇ ಸಲಕ್ಕೆ ಮುಗಿಯಿತು ಅಲ್ವಾ? ಅದಕ್ಕೇ ನಾನು ಅದನ್ನು ಕಬ್ಬಿಣದ ಆಕ್ಸೈಡ್ ನ್ಯಾನೋ ಕಣಗಳಿಗೆ ಕಟ್ಟಿಹಾಕುವ ಕೆಲಸಕ್ಕೆ ಕೈ ಹಾಕಿದೆ. ಕಿಣ್ವವನ್ನು ಹೀಗೆ ಹಿಡಿದಿಡುವ ಆಸೆ ಹಳೆಯದು. 1916ರಲ್ಲೇ ನೆಲ್ಸನ್ ಮತ್ತು ಗ್ರಿಫಿನ್, ಇದ್ದಿಲಿಗೆ ಅಂಟಿದ ಇನ್ವರ್ಟೇಸ್ (ಸಕ್ಕರೆ ಒಡೆಯುವ ಕಿಣ್ವ) ಕೆಲಸ ಮಾಡುತ್ತದೆ ಎಂದು ತೋರಿಸಿದ್ದರು.

ಕಣ ಮಾಡುವುದು ಸುಲಭ. ಫೆರಿಕ್ ಮತ್ತು ಫೆರಸ್ ಲವಣ 2:1 ಪ್ರಮಾಣದಲ್ಲಿ, ನೈಟ್ರೋಜನ್ ಹಾಯಿಸುತ್ತಾ, ಬಿಸಿ ನೀರಿನಲ್ಲಿ ಕಲಕಬೇಕು. ಅಮೋನಿಯಾ ಬಿದ್ದ ಕೂಡಲೇ ಕಿತ್ತಳೆ ಬಣ್ಣ ಹೋಗಿ ಇಡೀ ಫ್ಲಾಸ್ಕ್ ಕಪ್ಪಾಗುತ್ತದೆ. ಕಣದ ಅಳತೆ 10 ನ್ಯಾನೋಮೀಟರ್ ಇದ್ದರೆ, ಒಂದು ಗ್ರಾಂ ಪುಡಿಯ ಮೇಲ್ಮೈ ಲೆಕ್ಕದಲ್ಲಿ 100 ಚದರ ಮೀಟರ್ ದಾಟುತ್ತದೆ. ಆಯಸ್ಕಾಂತ ಹಿಡಿದರೆ ಕಣಗಳೆಲ್ಲ ಟ್ಯೂಬಿನ ಗೋಡೆಗೆ ಬರುತ್ತವೆ, ತೆಗೆದು ಅಲುಗಿಸಿದರೆ ಮತ್ತೆ ಚದುರುತ್ತವೆ. ಇವನ್ನು ಪೂರ್ತಿ ಒಣಗಿಸಬೇಡಿ. ಒಣಗಿ ಗಂಟು ಕಟ್ಟಿದರೆ ಮತ್ತೆ ಬಿಡಿಸುವುದು ಕಷ್ಟ.

ಆಮೇಲೆ ಎಪಿಟಿಇಎಸ್ ಎಂಬ ಸಿಲೇನ್ ಲೇಪಿಸಿ ಅಮೈನ್ ಗುಂಪು (ನೈಟ್ರೋಜನ್ ಇರುವ ಕೊಂಡಿ) ಕೂರಿಸಬೇಕು. ಅದರ ಮೇಲೆ ಗ್ಲುಟರಾಲ್ಡಿಹೈಡ್, ಎರಡು ತುದಿಯಲ್ಲೂ ಅಮೈನ್ ಹಿಡಿಯುವ ಆಲ್ಡಿಹೈಡ್ ಇರುವ ಅಣು. ಅದು ಕಿಣ್ವದ ಲೈಸಿನ್‌ಗಳನ್ನು (ಅಮೈನ್ ಇರುವ ಅಮೈನೋ ಆಮ್ಲಗಳನ್ನು) ಹಿಡಿದುಕೊಳ್ಳುತ್ತದೆ. ಈ ಹಂತದಲ್ಲಿ ಟ್ರಿಸ್ ಬಫರ್ ಬೇಡವೇ ಬೇಡ. ಅದರಲ್ಲೂ ಅಮೈನ್ ಇರುವುದರಿಂದ ಕಿಣ್ವದ ಜಾಗವನ್ನು ಅದೇ ತಿಂದುಬಿಡುತ್ತದೆ. ಫಾಸ್ಫೇಟ್ ಬಳಸಿ. ಕೊನೆಗೆ ಉಳಿದ ಆಲ್ಡಿಹೈಡ್ ಮುಚ್ಚಲು ಗ್ಲೈಸಿನ್ ಹಾಕಿ.

ಎಲ್ಲರೂ ಮೊದಲು ಕೇಳುವುದು, "ಎಷ್ಟು ಸಲ ಬಳಸಬಹುದು?" ಅಂತ. ನನಗೆ ಅದಕ್ಕಿಂತ ಮುಖ್ಯ, ಕಿಣ್ವ ಗಟ್ಟಿಯಾಗಿ ಅಂಟಿದೆಯಾ, ಸುಮ್ನೆ ಮೇಲೆ ಕೂತಿದೆಯಾ ಅನ್ನುವುದು. ನಾನು ಬಳಸುವುದು ಆಸ್ಪರ್ಜಿಲಸ್ ಒರೈಜೆ ಎಂಬ ಶಿಲೀಂಧ್ರದ ಲ್ಯಾಕ್ಟೇಸ್. ಪಿಎಚ್ 7ರಲ್ಲಿ ಅದಕ್ಕೆ ಋಣ ಚಾರ್ಜ್, ಅಮೈನ್ ಇರುವ ಕಣಕ್ಕೆ ಧನ ಚಾರ್ಜ್. ಹಾಗಾಗಿ ಬಂಧ ಬೆಳೆಯದಿದ್ದರೂ ಬಂದು ಅಂಟಿಕೊಳ್ಳುತ್ತದೆ. ಉಳಿದ ದ್ರವವನ್ನು ಬ್ರಾಡ್‌ಫರ್ಡ್‌ನಲ್ಲಿ (ಬಣ್ಣದಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ನೋಡಿದರೆ ಪ್ರೋಟೀನ್ ಎಲ್ಲ ಕಣಕ್ಕೆ ಹೋಗಿದೆ ಅನ್ನಿಸುತ್ತದೆ, ಅಷ್ಟೇ. ಅದಕ್ಕೇ ನಾನು, ಬರೀ ಚಾರ್ಜ್‌ನಿಂದ ಅಂಟಿದ್ದನ್ನು ಬಿಡಿಸುವ 1 ಮೋಲಾರ್ ಉಪ್ಪು ನೀರಿನಲ್ಲಿ ತೊಳೆಯದೆ ಯಾವ ಅಂಕಿಯನ್ನೂ ಬರೆದಿಡುವುದಿಲ್ಲ.

ಇನ್ನೊಂದು ಪರೀಕ್ಷೆ ಇದೆ. ಓಎನ್‌ಪಿಜಿ, ಅಂದರೆ ಲ್ಯಾಕ್ಟೇಸ್ ಒಡೆದಾಗ ಹಳದಿ ಬಣ್ಣ ಬಿಡುವ ಪದಾರ್ಥ, ಹಾಕಿದಾಗ ದ್ರವ ಹಳದಿಯಾಗುತ್ತಾ ಬರುತ್ತದೆ. ಮಧ್ಯದಲ್ಲೇ ಕಣಗಳನ್ನು ಆಯಸ್ಕಾಂತದಿಂದ ಎಳೆದು, ತಿಳಿಯನ್ನು ಬೇರೆ ಟ್ಯೂಬಿಗೆ ಹಾಕಿ ಅದೇ ಬಿಸಿಯಲ್ಲಿ ಇಡಿ. 420 ನ್ಯಾನೋಮೀಟರ್‌ನಲ್ಲಿ ಓದು ಅಲ್ಲೇ ನಿಂತರೆ ಕಿಣ್ವ ಕಣದ ಮೇಲೇ ಇದೆ. ಹಳದಿ ಇನ್ನೂ ಏರುತ್ತಿದ್ದರೆ ಕಿಣ್ವ ಬಿಟ್ಟುಹೋಗುತ್ತಿದೆ.

ಮರುಬಳಕೆಯ ಗ್ರಾಫ್ ನೋಡುವಾಗಲೂ ಹುಷಾರು. ಕಿಣ್ವ ಜಾಸ್ತಿ ಹಾಕಿ, ಲ್ಯಾಕ್ಟೋಸ್ ಪೂರ್ತಿ ಮುಗಿಯುವವರೆಗೆ ಬಿಟ್ಟರೆ ಪ್ರತಿ ಸುತ್ತಿನಲ್ಲೂ 100 ಶೇಕಡಾ ಕಾಣುತ್ತದೆ. ಅರ್ಧ ಕಿಣ್ವ ಸತ್ತಿದ್ದರೂ ಗೊತ್ತಾಗುವುದಿಲ್ಲ. ಮೊದಲ ಕೆಲವು ನಿಮಿಷಗಳ ವೇಗವನ್ನೇ ಅಳೆಯಬೇಕು. ಇದರ ಉಲ್ಟಾ ಕೂಡ ಇದೆ. ತೊಳೆಯುವಾಗ ಪ್ರತಿ ಸಲ ಒಂದಿಷ್ಟು ಕಣ ಚೆಲ್ಲಿಹೋಗುತ್ತದೆ. ಆಗ ಇಳಿಯುವುದು ಕಣದ ತೂಕ, ಕಿಣ್ವದ ಶಕ್ತಿ ಅಲ್ಲ. ಕೊನೆಯ ಸುತ್ತು ಮುಗಿದ ಮೇಲೆ ಉಳಿದ ಕಣವನ್ನು ಒಣಗಿಸಿ ತೂಗುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಒಣಗಿಸುವುದು ಆ ಒಂದು ಸಲ ಮಾತ್ರ.

ಬಫರ್‌ನಲ್ಲಿ ಚೆನ್ನಾಗಿ ನಡೆದದ್ದು ಪನೀರ್ ನೀರಿನಲ್ಲಿ ಹಾಗೇ ನಡೆಯುವುದಿಲ್ಲ. ಅದರಲ್ಲಿ ಉಳಿದ ಪ್ರೋಟೀನ್, ಕೊಬ್ಬು ಕಣದ ಮೇಲೆ ಪದರ ಕಟ್ಟುತ್ತವೆ. ಹುಟ್ಟುವ ಗ್ಯಾಲಕ್ಟೋಸ್ ತಾನೇ ಕಿಣ್ವವನ್ನು ತಡೆಯುತ್ತದೆ. ಈಗ ಮೊದಲು ಅಲ್ಟ್ರಾಫಿಲ್ಟ್ರೇಷನ್ (ಪ್ರೋಟೀನ್, ಕೊಬ್ಬನ್ನು ತಡೆಯುವ ಅತಿ ಸಣ್ಣ ರಂಧ್ರದ ಸೋಸುವಿಕೆ) ಮಾಡಿ, ಆಚೆ ಬರುವ ತಿಳಿ ನೀರನ್ನಷ್ಟೇ ಕಣಕ್ಕೆ ಕೊಡುತ್ತಿದ್ದೇನೆ.