ಗಾಯದ ಕಲೆಯ ಮೇಲೆ ಟ್ಯಾಟೂ: ಮೊದಲು ಹೆಬ್ಬೆರಳಲ್ಲಿ ಒತ್ತಿ ನೋಡಿ

ನನ್ನ ಎಡ ಮುಂಗೈ ಮೇಲೆ ನಾಲ್ಕು ಬೆರಳಗಲದಷ್ಟು ಉದ್ದದ ಕಲೆ ಇದೆ. ಬಂಗುಡೆ ಹೆಚ್ಚುವಾಗ ಕೈ ಜಾರಿ ಮೆಟ್ಟುಗತ್ತಿಗೆ ತಾಗಿದ್ದು. ಹೊಲಿಗೆ ಬಿಚ್ಚಿ ಮೂರು ತಿಂಗಳಾಗಿತ್ತು ಅಷ್ಟೆ, ಗೋಕರ್ಣದ ಟ್ಯಾಟೂ ಅಂಗಡಿಯೊಂದಕ್ಕೆ ಹೋಗಿ ಕೈ ಚಾಚಿದೆ. ಅಲ್ಲಿನ ಹುಡುಗ ಕಲೆಯನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟ. ಬಿಳಚಿಕೊಂಡ ಚರ್ಮಕ್ಕೆ ಮತ್ತೆ ಕೆಂಪು ಓಡಿ ಬಂತು. ‘ಇನ್ನೂ ಹಸಿ ಇದೆ, ಮುಂದಿನ ವರ್ಷ ಬನ್ನಿ’ ಅಂದ. ಬಂದ ಗಿರಾಕಿಯನ್ನು ವಾಪಸ್ ಕಳಿಸುವವನು ಸಿಕ್ಕರೆ ಬಿಡಬೇಡಿ.

ಮೊದಲ ಕೆಲಸ ಕಾಯುವುದು. ಗಾಯ ಮೇಲೆ ಮಾಗಿದಂತೆ ಕಂಡರೂ ಒಳಗೆ ರಿಪೇರಿ ನಡೀತಾನೇ ಇರುತ್ತದೆ. ಕಮ್ಮಿ ಅಂದರೂ ಒಂದು ವರ್ಷ, ದೊಡ್ಡ ಗಾಯಕ್ಕೆ ಒಂದೂವರೆ ವರ್ಷ ಬಿಡಿ. ಕೆಂಪು ಇಳಿದಿರಬೇಕು, ತುರಿಕೆ ನಿಂತಿರಬೇಕು, ಮುಟ್ಟಿದರೆ ಮೆತ್ತಗಿರಬೇಕು.

ಆಮೇಲೆ ಕಲೆಯ ಅಂಚನ್ನು ನೋಡಿ. ಉಬ್ಬಿದ ಕಲೆ ಗಾಯದ ಗಡಿಯೊಳಗೇ ನಿಂತಿದ್ದರೆ ದೊಡ್ಡ ಚಿಂತೆ ಇಲ್ಲ. ಗಡಿ ದಾಟಿ ಅಕ್ಕಪಕ್ಕದ ಚರ್ಮಕ್ಕೂ ಬೆಳೆದಿದ್ದರೆ ಅದು ಕೀಲಾಯ್ಡ್ ಇರಬಹುದು. ಕಿವಿ ಚುಚ್ಚಿಸಿದ ಜಾಗ ಗಂಟು ಕಟ್ಟಿದ್ದರೂ ಅದೇ ಅನುಮಾನ. ನಮ್ಮಂಥ ಕಂದು ಚರ್ಮದವರಲ್ಲಿ ಇದು ಜಾಸ್ತಿ. ಸೂಜಿ ತಾಗಿದ ಕಡೆಯೆಲ್ಲ ಹೊಸ ಗಂಟು ಏಳಬಹುದು. ಇಂಥವರಿಗೆ ಟ್ಯಾಟೂ ಬೇಡ ಅಂತಲೇ ನನ್ನ ಮಾತು. ಅನುಮಾನ ಇದ್ದರೆ ಅಂಗಡಿಗೆ ಹೋಗುವ ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರೂ ಅಷ್ಟೆ.

ಇನ್ನು ಚಿತ್ರ. ಎಲ್ಲರೂ ಎಡವುವುದು ಇಲ್ಲೇ. ಟ್ಯಾಟೂ ಬಣ್ಣ ಬದಲಿಸುತ್ತದೆ, ಉಬ್ಬು ತಗ್ಗನ್ನಲ್ಲ. ಕಪ್ಪು ಬಳಿದರೂ ಓರೆ ಬೆಳಕಿನಲ್ಲಿ ಕಲೆ ಎದ್ದು ಕಾಣುತ್ತದೆ. ಅದಕ್ಕೇ ನೇರ ಗೆರೆ, ಸಣ್ಣ ಅಕ್ಷರ, ವೃತ್ತ ಬೇಡ. ಕಲೆಯ ಮೇಲೆ ಹಾಯುವಾಗ ಗೆರೆ ಸೊಟ್ಟಗಾಗುತ್ತದೆ. ಎಲೆ, ಅಲೆ, ಮೀನಿನ ಹುರುಪೆ ಇಂಥವು ಒಳ್ಳೆಯದು. ನನ್ನ ಕಲೆಯೇ ಈಗ ತೆಂಗಿನ ಗರಿಯ ನಡುದಂಟು. ಅಕ್ಕಪಕ್ಕದ ಎಲೆಗಳೆಲ್ಲ ಒಳ್ಳೆ ಚರ್ಮದ ಮೇಲಿವೆ.

ಹಾಕುವವರ ಹತ್ತಿರ ಕಲೆಯ ಮೇಲೆ ಹಾಕಿದ ಹಳೇ ಟ್ಯಾಟೂಗಳ ಫೋಟೋ ಕೇಳಿ. ಅಂದೇ ಹಾಕಿದ್ದಲ್ಲ, ಮಾಗಿದ ಮೇಲಿನದ್ದು. ಸೂಜಿ ಹೊಸ ಪ್ಯಾಕಿನದ್ದೇ, ಮಸಿ ನಿಮಗೆಂದೇ ಬೇರೆ ಪುಟ್ಟ ಕಪ್ಪಿಗೆ ಸುರಿದದ್ದೇ ಅಂತ ಕಣ್ಣಾರೆ ನೋಡಿ. ಹೆಪಟೈಟಿಸ್ ಬಿ ಲಸಿಕೆ ಆಗಿರದಿದ್ದರೆ ಮೊದಲೇ ಹಾಕಿಸಿಕೊಳ್ಳಿ. ಮೂರು ಡೋಸ್, ಆರು ತಿಂಗಳು ಬೇಕು. ಹೇಗೂ ಕಾಯ್ತಾ ಇದ್ದೀರಲ್ವಾ?

ನೇರ ಪೂರ್ತಿ ಚಿತ್ರಕ್ಕೆ ಇಳಿಯಬೇಡಿ. ಕಲೆಯ ಮೂಲೆಯಲ್ಲಿ ನಾಲ್ಕೈದು ಚುಕ್ಕೆ ಹಾಕಿಸಿ, ಎರಡು ಮೂರು ತಿಂಗಳು ನೋಡಿ. ಮಸಿ ನಿಲ್ಲಬೇಕಾದ್ದು ಒಂದೆರಡು ಮಿಲಿಮೀಟರ್ ಆಳದಲ್ಲಿ. ಕಲೆಯ ಚರ್ಮ ಒಂದು ಕಡೆ ಗಟ್ಟಿ, ಒಂದು ಕಡೆ ತೆಳು. ಆಳ ತಪ್ಪಿದರೆ ಒದ್ದೆ ಕಾಗದದ ಮೇಲಿನ ಶಾಯಿ ಹಾಗೆ ಹರಡುತ್ತದೆ. ನೋವೂ ಹಾಗೇ. ನನಗೆ ಕಲೆಯ ನಡುವೆ ಏನೂ ಗೊತ್ತಾಗಲಿಲ್ಲ, ಅಂಚಿಗೆ ಬಂದಾಗ ಜೀವ ಹೋಯಿತು.

ಯಾವಾಗ ಹಾಕಿಸೋದು? ಮೂರ್ನಾಲ್ಕು ವಾರ ಸಮುದ್ರ, ಹೊಳೆ, ಕೆರೆಯ ನೀರು ಮುಟ್ಟುವಂತಿಲ್ಲ. ಬೋಟಿಗೆ ಹೋಗುವವರಿಗೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಕಾಲ ಒಳ್ಳೆಯದು. ಆದರೆ ಬಟ್ಟೆ ಒಣಗದ ದಿನಗಳವು. ಒದ್ದೆ ತೋಳಿನ ಅಂಗಿ ಮಾತ್ರ ಹಾಕಬೇಡಿ. ಶಿರಸಿ ಕಡೆಯವರು ಅಡಿಕೆ ಕೊಯ್ಲಿನ ಧೂಳು, ಬೆವರಿನ ತಿಂಗಳುಗಳನ್ನು ತಪ್ಪಿಸಿದರೆ ಸಾಕು.

ಮನೆಗೆ ಬಂದ ಮೇಲೆ ಸೌಮ್ಯ ಸೋಪಿನಲ್ಲಿ ತೊಳೆದು, ಒತ್ತಿ ಒರೆಸಿ, ವಾಸನೆಯಿಲ್ಲದ ಮುಲಾಮನ್ನು ತೆಳ್ಳಗೆ ಹಚ್ಚಿ. ಅಮ್ಮ ಅರಿಶಿನ, ಕೊಬ್ಬರಿ ಎಣ್ಣೆ ತರುತ್ತಾರೆ, ತಂದೇ ತರುತ್ತಾರೆ. ಬೇಡ ಅನ್ನಿ. ಹಕ್ಕಳೆ ಕೀಳಬೇಡಿ. ಕೆಂಪು ಹರಡಿದರೆ, ಕೀವು, ಜ್ವರ ಬಂದರೆ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು, ಟ್ಯಾಟೂ ಹಾಕಿಸಿದ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಸೇನೆ, ನೌಕಾಪಡೆ ಸೇರುವ ಆಸೆ ಇದ್ದವರು ಮೈಮೇಲೆ ಎಲ್ಲಿ ಟ್ಯಾಟೂ ಇರಬಹುದು ಅನ್ನುವ ನೇಮಕಾತಿ ನಿಯಮವನ್ನು ಮೊದಲು ಓದಿಕೊಳ್ಳಿ.

ಒಂದೇ ಸಲಕ್ಕೆ ಮುಗಿಯುತ್ತದೆ ಅಂದುಕೊಳ್ಳಬೇಡಿ. ಎರಡು ತಿಂಗಳ ಮೇಲೆ ಟಚ್‌ಅಪ್‌ಗೆ ಹೋಗಲೇಬೇಕು, ಅದರ ದುಡ್ಡನ್ನು ಮೊದಲೇ ಮಾತಾಡಿಕೊಳ್ಳಿ. ನನಗೆ ಎರಡು ಸಲ ಆಯಿತು. ಮಣಿಕಟ್ಟಿನ ಹತ್ತಿರ ಅಕ್ಕಿಕಾಳಿನಷ್ಟು ಜಾಗ ಇನ್ನೂ ಮಸಿ ಹಿಡಿದಿಲ್ಲ.